ಪೆಟ್ಟಿಗೆಯಲ್ಲಿ ನೀರು ಓದಿದ ವರ್ಷ

ಕಳೆದ ತಿಂಗಳು ತಂಗಿಯ ಮಗಳ ಮನೆಯ ಗೃಹಪ್ರವೇಶಕ್ಕೆ ಕೋಲಾರಕ್ಕೆ ಹೋಗಿದ್ದೆ. ನರಸಾಪುರದ ಹತ್ತಿರ ನಮ್ಮ ಬಸ್ಸು ಕಂಪನಿ ಬಸ್ಸುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. ಪೇಟೆಯಲ್ಲಿ ಇಳಿಯುವ ಹೊತ್ತಿಗೆ ನನ್ನ ಫೋನು ಸತ್ತುಹೋಗಿತ್ತು. ಒಂದು ಸಣ್ಣ ರಿಪೇರಿ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಅಂಗಡಿಯಾತ ಫೋನನ್ನು ಬಿಚ್ಚಿ, ಕಾದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ತೆಳ್ಳಗೆ ಬಿಳಿ ಹೊಗೆ ಎದ್ದು ನನ್ನ ಮೂಗಿಗೆ ಬಂತು.

ಕೆಮಿಸ್ಟ್ರಿ ಪಾಠ ಮಾಡಿದವರನ್ನು ಯಾರನ್ನಾದರೂ ಕೇಳಿ, ತಮ್ಮ ಕೆಲಸದ ವಾಸನೆ ಎಂದರೆ ಅಮೋನಿಯಾ ಎನ್ನುತ್ತಾರೆ, ಇಲ್ಲವೇ ಕೊಳೆತ ಮೊಟ್ಟೆಯ ನಾತದ ಆ ಗ್ಯಾಸಿನ ಹೆಸರು ಹೇಳುತ್ತಾರೆ. ನನಗೆ ಮಾತ್ರ ಅದು ಕರಗಿದ ರಾಳದ ವಾಸನೆ. ಎಂಬತ್ತರ ದಶಕದ ಮೊದಮೊದಲಲ್ಲಿ, ಕೋಲಾರದ ಒಂದು ಡಿಗ್ರಿ ಕಾಲೇಜಿನ ಪ್ರಯೋಗಾಲಯದಲ್ಲಿ, ಒಂದು ಇಡೀ ವರ್ಷ ಆ ವಾಸನೆ ನನ್ನ ಸೀರೆಯ ಸೆರಗಿಗೆ ಅಂಟಿಕೊಂಡಿತ್ತು.

ನಾನು ಮಾಲೂರಿನವಳು. ಎಂ.ಎಸ್ಸಿ. ಮುಗಿಸಿ ಆ ಕಾಲೇಜಿಗೆ ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಮಾಲೂರಿನಿಂದ ಬಸ್ಸು. ನನ್ನ ವಿದ್ಯಾರ್ಥಿಗಳೂ ಹಾಗೆಯೇ ಬರುತ್ತಿದ್ದರು. ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ, ವೇಮಗಲ್ ಕಡೆಯಿಂದ, ಬಸ್ಸಿನ ಮೇಲೆ ಹಾಕಿದ ತರಕಾರಿ ಮೂಟೆಗಳ ಜೊತೆ. ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ಅರ್ಧ ತರಗತಿ ಖಾಲಿ. ಮಾರನೆಯ ದಿನ ಕೇಳಿದರೆ, "ಮನೇಲಿ ಗೂಡು ಬಿಡಿಸ್ತಿದ್ವಿ ಮೇಡಂ" ಎನ್ನುವರು. ನನಗೆ ಕೋಪ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಅದೇ ನಡೆಯುತ್ತಿತ್ತು.

ಪ್ರಯೋಗಾಲಯದಲ್ಲಿ ಒಂದು ಕಲರಿಮೀಟರ್ ಇತ್ತು. ಬಣ್ಣದ ದ್ರಾವಣದ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ದಾಟಿತು, ಎಷ್ಟು ಒಳಗೇ ಉಳಿಯಿತು ಎಂದು ಅಳೆದು, ಅದರಿಂದ ದ್ರಾವಣದಲ್ಲಿ ಏನು ಎಷ್ಟಿದೆ ಎಂದು ಹೇಳುವ ಯಂತ್ರ. ನಮ್ಮ ವಿಭಾಗದ ಮುಖ್ಯಸ್ಥರಾದ ಅನಂತರಾಮಯ್ಯನವರು ಅದಕ್ಕಾಗಿ ವರ್ಷಗಟ್ಟಲೆ ಬರೆದು, ಓಡಾಡಿ, ಕೊನೆಗೆ ತರಿಸಿದ್ದರು. ಅದು ಅವರ ಕೋಣೆಯ ಬೀರುವಿನಲ್ಲಿ ಹಸಿರು ಬಟ್ಟೆಯ ಅಡಿಯಲ್ಲಿರುತ್ತಿತ್ತು. ವರ್ಷಕ್ಕೊಮ್ಮೆ ಹೊರಗೆ ಬರುತ್ತಿತ್ತು. ಅವರೇ ಗುಂಡಿ ಒತ್ತುತ್ತಿದ್ದರು, ಅವರೇ ಸೂಜಿ ನೋಡಿ ಗಟ್ಟಿಯಾಗಿ ಓದುತ್ತಿದ್ದರು. ಹುಡುಗ ಹುಡುಗಿಯರು ಸುತ್ತ ನಿಂತು ಬರೆದುಕೊಳ್ಳುತ್ತಿದ್ದರು.

ಆ ವರ್ಷದ ಪ್ರದರ್ಶನ ಮುಗಿದ ಮೇಲೆ ನಾನು ರೆಕಾರ್ಡ್ ತಿದ್ದುತ್ತಾ ಕುಳಿತಿದ್ದೆ. ಪದ್ಮಾವತಿ ಎಂಬ ಹುಡುಗಿ ಬಂದು ನಿಂತಳು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯವಳು, ಕೊನೆಯ ವರ್ಷದ ಬಿ.ಎಸ್ಸಿ. ಕಡಿಮೆ ಮಾತು. ಆಡಿದ ಮಾತು ನೆಟ್ಟಗೆ.

"ಮೇಡಂ, ನನ್ನ ರೀಡಿಂಗಿಗೆ ಮಾರ್ಕ್ಸ್ ಕೊಡ್ಬೇಡಿ" ಎಂದಳು.

"ಯಾಕಮ್ಮ? ಸರಿಯಾಗಿಯೇ ಇದೆಯಲ್ಲ."

"ಸರಿ ಇದೆ. ಆದ್ರೆ ನಾನು ಹಿಂದೆ ನಿಂತಿದ್ದೆ. ಸೂಜಿ ಅಲ್ಲಾಡಿದ್ದು ನನ್ಗೆ ಕಾಣಿಸ್ಲೇ ಇಲ್ಲ. ಸಾರ್ ಹೇಳಿದ್ದು ಬರ್ಕೊಂಡೆ. ಅದು ಅವ್ರ ರೀಡಿಂಗು, ನಂದಲ್ಲ."

ಅವಳು ದೂರುತ್ತಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳುತ್ತಿದ್ದಳು. ಆ ಸಂಜೆ ಮಾಲೂರಿನ ಬಸ್ಸಿನಲ್ಲಿ ಕುಳಿತು ನಾನು ಯೋಚಿಸಿದೆ. ಆ ಯಂತ್ರದೊಳಗೆ ಇರುವುದಾದರೂ ಏನು? ಒಂದು ಬಲ್ಬು, ಒಂದು ಬಣ್ಣದ ಗಾಜು, ದ್ರಾವಣದ ಕೊಳವೆ, ಬೆಳಕನ್ನು ಗುರುತಿಸುವ ಒಂದು ಬಿಲ್ಲೆ, ಒಂದು ಮೀಟರು. ಇಷ್ಟನ್ನು ಕೂಡಿಸಲು ಬರದಿದ್ದರೆ ನಾನು ಓದಿದ್ದು ಯಾತಕ್ಕೆ?

ನನ್ನ ತರಗತಿಯಲ್ಲಿ ಮುಳಬಾಗಿಲಿನ ಅಸ್ಲಂ ಇದ್ದ. ಅವನ ಚಿಕ್ಕಪ್ಪನದು ರೇಡಿಯೋ ರಿಪೇರಿ ಅಂಗಡಿ. ರಜೆಯಲ್ಲೆಲ್ಲ ಅಲ್ಲಿಯೇ ಕೂತು ಕೈ ಪಳಗಿಸಿಕೊಂಡಿದ್ದ. ಅವನನ್ನು ಕರೆದು ನನ್ನ ಚಿತ್ರ ತೋರಿಸಿದೆ. ನೋಡಿ ನಕ್ಕ.

"ಇಷ್ಟೇನಾ ಮೇಡಂ? ಲೈಟ್ ಬಿದ್ರೆ ಕರೆಂಟ್ ಜಾಸ್ತಿ ಬಿಡೋ ಬಿಲ್ಲೆ ಬೆಂಗ್ಳೂರಲ್ಲಿ ಸಿಗುತ್ತೆ. ಚಾಚಾ ಹೋದಾಗ ತರಿಸ್ತೀನಿ."

ಹೀಗೆ ಶುರುವಾಯಿತು. ಹಳೆಯ ಟೀ ಪೆಟ್ಟಿಗೆಯ ಪ್ಲೈವುಡ್ಡನ್ನು ಕೊಯ್ದು ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆ ಮಾಡಿದೆವು. ಒಳಗೆ ದೀಪದ ಕಪ್ಪನ್ನು ಅಂಟಿನಲ್ಲಿ ಕಲಸಿ ಬಳಿದೆವು. ಒಂದು ತುದಿಗೆ ಗೋಡೆಯ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ ಉರಿಸುವ ಟಾರ್ಚಿನ ಬಲ್ಬು, ಇನ್ನೊಂದು ತುದಿಗೆ ಅಸ್ಲಮನ ಬಿಲ್ಲೆ, ನಡುವೆ ದ್ರಾವಣದ ಪ್ರನಾಳ ಇಳಿಸಲು ತೂತು. ಬಣ್ಣದ ಗಾಜಿಗೆ ಬದಲಾಗಿ ನಾಟಕದ ದೀಪಗಳ ಮುಂದೆ ಕಟ್ಟುವ ಜಿಲೆಟಿನ್ ಹಾಳೆ. ಪರದೆ, ಕಿರೀಟ, ಗದೆ ಬಾಡಿಗೆಗೆ ಕೊಡುವವರ ಹತ್ತಿರ ಕೆಂಪು, ಹಸಿರು, ನೀಲಿ ಮೂರೂ ಸಿಕ್ಕಿದವು. ಮೀಟರನ್ನು ಭೌತಶಾಸ್ತ್ರದವರು ಎರವಲು ಕೊಟ್ಟರು. ತಂತಿಗಳನ್ನೆಲ್ಲ ರಾಳ ಮುಟ್ಟಿಸಿ ನಾವೇ ಬೆಸೆದೆವು.

ಮೊದಲ ಪೆಟ್ಟಿಗೆ ಏನನ್ನೂ ಅಳೆಯಲಿಲ್ಲ. ಸೂಜಿ ತನ್ನಿಷ್ಟದಂತೆ ಕುಣಿಯಿತು. ಯಾರಾದರೂ ಕಿಟಕಿಯ ಮುಂದೆ ಹಾದರೆ ಸಾಕು, ಅದಕ್ಕೂ ಒಂದು ಕುಣಿತ. ತೂತಿನ ಸುತ್ತಲಿಂದ ಹೊರಗಿನ ಬೆಳಕು ನುಗ್ಗುತ್ತಿತ್ತು. ಕಪ್ಪು ಬಟ್ಟೆಯ ಟೋಪಿ ಹೊಲಿದು ಪ್ರನಾಳದ ಮೇಲೆ ಮುಚ್ಚಿದೆವು. ಆಗ ಬೇರೆ ತೊಂದರೆ ಬಂತು. ಊರ ಹೊರಗೆ ಪಂಪ್‌ಸೆಟ್ಟುಗಳು ಚಾಲೂ ಆದಾಗ ಕರೆಂಟು ಇಳಿಯುವುದು, ಬಲ್ಬು ಮಂಕಾಗುವುದು, ನಮ್ಮ ಲೆಕ್ಕ ಕೆಡುವುದು. ಪದ್ಮಾವತಿ ಒಂದು ದಿನ ಇಡೀ ಮಧ್ಯಾಹ್ನ ಬರಿಯ ನೀರನ್ನೇ ಇಟ್ಟು ಸೂಜಿಯನ್ನು ನೋಡುತ್ತಾ ಕುಳಿತಳು.

"ನೀರು ಬದಲಾಗ್ಲಿಲ್ಲ ಮೇಡಂ, ಸೂಜಿ ಬದಲಾಯ್ತು. ಮೊದ್ಲು ಬಲ್ಬ್ ನೆಟ್ಟಗಾಗ್ಬೇಕು" ಎಂದಳು.

ಬಲ್ಬನ್ನು ಗೋಡೆಯ ಕರೆಂಟಿನಿಂದ ಬಿಡಿಸಿ ಭೌತಶಾಸ್ತ್ರದವರ ದೊಡ್ಡ ಬ್ಯಾಟರಿಗೆ ಜೋಡಿಸಿದೆವು. ಸೂಜಿ ಮೊದಲ ಸಲ ಸುಮ್ಮನೆ ನಿಂತಿತು.

ಅದು ರಾಗಿ ಕೊಯ್ಲಿನ ಕಾಲ. ಹೊಲಗಳ ಪಕ್ಕದ ರಸ್ತೆಯ ಮೇಲೆಲ್ಲ ತೆನೆ ಹರಡಿರುತ್ತಿದ್ದರು, ನಮ್ಮ ಬಸ್ಸುಗಳೇ ಅದರ ಮೇಲೆ ಹಾದು ರಾಗಿ ಬಡಿಯುತ್ತಿದ್ದವು. ಬೆಳಿಗ್ಗೆ ಅಂತರಗಂಗೆಯ ಬೆಟ್ಟ ಮಂಜಿನಲ್ಲಿ ಅಡಗಿರುತ್ತಿತ್ತು. ಹುಡುಗರು ಕೂದಲಲ್ಲಿ ರಾಗಿ ಹೊಟ್ಟು ಅಂಟಿಸಿಕೊಂಡೇ ಲ್ಯಾಬಿಗೆ ಬರುತ್ತಿದ್ದರು. ಅಂಥ ಒಂದು ಬೆಳಿಗ್ಗೆ ನಾವು ಮೈಲುತುತ್ತಕ್ಕೆ ಅಮೋನಿಯಾ ಬೆರೆಸಿ ಕಡುನೀಲಿ ದ್ರಾವಣ ಮಾಡಿ, ಅದನ್ನು ತೆಳುವಿನಿಂದ ಗಾಢದವರೆಗೆ ಸಾಲಾಗಿ ಇಟ್ಟು, ಕೆಂಪು ಹಾಳೆ ಹಾಕಿ ಓದಿದೆವು. ಪದ್ಮಾವತಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟಳು. ಅಸ್ಲಂ ಸ್ಕೇಲು ಇಟ್ಟು ಗೆರೆ ಎಳೆದ. ಮೇಲಿನ ಒಂದೆರಡನ್ನು ಬಿಟ್ಟರೆ ಎಲ್ಲ ಚುಕ್ಕೆಗಳೂ ಗೆರೆಯ ಮೇಲೆ ಕುಳಿತವು. ದ್ರಾವಣ ಎಷ್ಟು ಗಾಢವೋ ಅಷ್ಟು ಬೆಳಕನ್ನು ಹಿಡಿದಿಡುತ್ತದೆ ಎಂದು ಪುಸ್ತಕದಲ್ಲಿ ಎಷ್ಟೋ ಸಲ ಓದಿಸಿದ್ದ ನಿಯಮ, ಟೀ ಪೆಟ್ಟಿಗೆಯ ಹಲಗೆಯಿಂದ ಹೊರಗೆ ಬಂದಿತ್ತು.

ಆ ಹೊತ್ತಿಗೆ ಅನಂತರಾಮಯ್ಯನವರು ಬಾಗಿಲಲ್ಲಿ ನಿಂತಿದ್ದರು.

"ಸುಮಿತ್ರಾ ಅವರೇ, ಇದು ಕೆಮಿಸ್ಟ್ರಿ ಲ್ಯಾಬೋ, ರೇಡಿಯೋ ಅಂಗಡಿಯೋ?"

ನಾನು ಗ್ರಾಫ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಸಿಟ್ಟಿನ ಮನುಷ್ಯರಲ್ಲ ಅವರು. ಎಚ್ಚರದ ಮನುಷ್ಯರು.

"ಚೆನ್ನಾಗಿದೆ. ಆದರೆ ಪರೀಕ್ಷೆಗೆ ಹೊರಗಿನವರು ಬರ್ತಾರೆ. ಇದನ್ನ ಆಟದ ಸಾಮಾನು ಅಂದುಬಿಟ್ಟರೆ ಮಕ್ಕಳ ಗತಿ? ನಾನು ಆ ಯಂತ್ರವನ್ನ ಬೀರುವಿನಲ್ಲಿ ಇಟ್ಟಿರೋದು ಜಿಪುಣತನಕ್ಕಲ್ಲ. ಕೆಟ್ಟರೆ ಈ ಜಿಲ್ಲೆಯಲ್ಲಿ ರಿಪೇರಿ ಮಾಡೋರಿಲ್ಲ. ಒಂದು ಬ್ಯಾಚು ಕೆಟ್ಟಹಾಗೆ."

"ಹಾಗಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಸಾರ್" ಎಂದೆ. "ದ್ರಾವಣ ನೀವೇ ಮಾಡಿ. ಎಷ್ಟಿದೆ ಅಂತ ನಮಗೆ ಹೇಳಬೇಡಿ."

ಅವರು ತಮ್ಮ ಕೋಣೆಗೆ ಹೋಗಿ ಬೀರು ತೆಗೆದರು. ಆ ದಿನದ ಮಧ್ಯಾಹ್ನ ಒಂದು ಮೇಜಿನ ಮೇಲೆ ಹೊಳೆಯುವ ಯಂತ್ರ, ಇನ್ನೊಂದರ ಮೇಲೆ ನಮ್ಮ ಕರಿ ಪೆಟ್ಟಿಗೆ. ಅವರು ತಮ್ಮದನ್ನು ಓದಿದರು, ಪದ್ಮಾವತಿ ತನ್ನದನ್ನು ಓದಿದಳು. ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟಾಗ ತೆಳು ದ್ರಾವಣಗಳಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ.

"ಗಾಢ ಆದಾಗ ನಿಮ್ಮದು ಕುಂಟುತ್ತೆ" ಎಂದರು ಅವರು.

"ಹೌದು ಸಾರ್" ಎಂದಳು ಪದ್ಮಾವತಿ. "ಅದಕ್ಕೇ ಅಂಥದ್ದನ್ನ ನೀರು ಬೆರೆಸಿ ತೆಳು ಮಾಡ್ಕೊಂಡು ಓದ್ತೀವಿ."

ಅವರು ಅವಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಪೆಟ್ಟಿಗೆ ಬೇಕು?" ಎಂದು ಕೇಳಿದರು.

"ಬೆಂಚಿಗೊಂದು."

"ಮಾಡಿ."

ಸಂಕ್ರಾಂತಿಯ ಹೊತ್ತಿಗೆ ಪ್ರತಿ ಬೆಂಚಿನ ಮೇಲೂ ಒಂದೊಂದು ಪೆಟ್ಟಿಗೆ ಇತ್ತು. ಯಾವುದೂ ಇನ್ನೊಂದರಂತಿರಲಿಲ್ಲ. ಅವರವರ ಪೆಟ್ಟಿಗೆಯ ಹುಳುಕು ಅವರವರಿಗೇ ಗೊತ್ತು. ಒಂದೇ ಅಳತೆಯ ಪ್ರನಾಳಗಳನ್ನು ಆರಿಸಿ, ಪ್ರತಿಯೊಂದಕ್ಕೂ ಅರದಿಂದ ಒಂದು ಗೀಟು ಹಾಕಿ, ಆ ಗೀಟು ಯಾವಾಗಲೂ ಎದುರಿಗೇ ಬರುವಂತೆ ಇಳಿಸುವುದನ್ನು ಹುಡುಗ ಹುಡುಗಿಯರೇ ಕಂಡುಕೊಂಡರು. ನಾನು ಹೇಳಿಕೊಟ್ಟದ್ದಲ್ಲ.

ಮೈಲುತುತ್ತ ಎಷ್ಟು ದಿನ ಓದುವುದು? ನಿಜವಾದ ನೀರು ತನ್ನಿ, ನಿಮ್ಮ ನಿಮ್ಮ ಊರಿನದು, ಅದರಲ್ಲಿ ಏನಿದೆ ನೋಡೋಣ ಎಂದೆ. ಬಾವಿ ನೀರು, ಕೆರೆ ನೀರು, ಹೊಸದಾಗಿ ಕೊರೆದ ಬೋರಿನ ನೀರು ಎಲ್ಲ ಬಂದವು. ಕಬ್ಬಿಣದ ಅಂಶ ನೋಡಿದೆವು. ಆ ದಿನ ಕೆಲಸ ಮುಗಿಸಿ ಕೈ ತೊಳೆಯುವಾಗ ಪದ್ಮಾವತಿ ಕೇಳಿದಳು.

"ನೀರಿಂದ ಹಲ್ಲು ಕೆಡುತ್ತಾ ಮೇಡಂ?"

"ಯಾಕೆ ಕೇಳ್ತಿದ್ದೀಯ?"

"ನನ್ನ ಹಲ್ಲು, ನಮ್ಮಣ್ಣನ ಹಲ್ಲು ಚೆನ್ನಾಗಿದೆ. ನಮ್ಮ ಸರಸು ಇದಾಳಲ್ಲ, ನನ್ನ ತಂಗಿ, ಚಿಕ್ಕೋಳು, ಅವಳಿಗೆ ಹುಟ್ಟಿದ ಹಲ್ಲೇ ಕಂದು. ಸುಣ್ಣದ ಹಂಗೆ ಪುಡಿ ಪುಡಿ. ನಮ್ಮೂರಲ್ಲಿ ಅವಳ ವಯಸ್ಸಿನ ಮಕ್ಕಳಿಗೆಲ್ಲಾ ಹಂಗೇ. ಇದ್ದಿಲಲ್ಲಿ ಉಜ್ಜಿ ಉಜ್ಜಿ ಒಸಡಲ್ಲಿ ರಕ್ತ ಬರಿಸ್ಕೊಂಡವ್ಳೆ. ಸ್ಕೂಲಲ್ಲಿ ಬಾಯಿ ಬಿಡಲ್ವಂತೆ. ದೊಡ್ಡೋರಿಗಿಲ್ಲ, ಚಿಕ್ಕೋರಿಗೆ ಇದೆ. ನಡುವೆ ಬಂದಿದ್ದು ಬೋರೊಂದೇ."

ಬೋರಿನಿಂದ ಹಲ್ಲಿನವರೆಗಿನ ಗೆರೆಯನ್ನು ಅವಳು ತಾನೇ ಎಳೆದುಕೊಂಡು ಬಂದಿದ್ದಳು. ಆಂಧ್ರದ ಕಡೆಯ ಊರುಗಳಲ್ಲಿ ಹೀಗಾಗುತ್ತದೆ, ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುತ್ತದೆ, ಹೆಚ್ಚಾದರೆ ಹಲ್ಲಿನ ಜೊತೆ ಮೂಳೆಯನ್ನೂ ಹಿಡಿಯುತ್ತದೆ ಎಂದು ನಾನು ಓದಿದ್ದೆ. ಅದನ್ನು ಹೇಳಿದೆ.

"ನಮ್ಮ ಪೆಟ್ಟಿಗೇಲಿ ಅದನ್ನ ಓದ್ಬಹುದಾ?"

ಓದಬಹುದು. ಜಿರ್ಕೋನಿಯಂ ಎಂಬ ಲೋಹದ ಲವಣವನ್ನು ಅಲಿಜರಿನ್ ಎಂಬ ಬಣ್ಣದ ಜೊತೆ ಸೇರಿಸಿದರೆ ಕೆಂಪಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಆ ಲೋಹವನ್ನು ಬಣ್ಣದಿಂದ ಕಿತ್ತುಕೊಳ್ಳುತ್ತದೆ, ಕೆಂಪು ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತೋ ಅಷ್ಟು ಫ್ಲೋರೈಡ್. ಹಸಿರು ಹಾಳೆ ಹಾಕಿದರೆ ನಮ್ಮ ಪೆಟ್ಟಿಗೆ ಆ ಮಾಸುವಿಕೆಯನ್ನು ಓದಬಲ್ಲದು. ಜಿರ್ಕೋನಿಯಂ ಮಾತ್ರ ನಮ್ಮಲ್ಲಿರಲಿಲ್ಲ. ಅನಂತರಾಮಯ್ಯನವರು ಬೆಂಗಳೂರಿನ ತಮ್ಮ ಹಳೆಯ ಸ್ನೇಹಿತರನ್ನು ಕೇಳಿ ಒಂದು ಸಣ್ಣ ಸೀಸೆ ತಂದುಕೊಟ್ಟರು. ಕೊಡುವಾಗ, "ಚೆಲ್ಲಬೇಡಿ" ಎಂದಷ್ಟೇ ಹೇಳಿದರು.

ಮೊದಲ ಸಲ ಅವಳ ಊರಿನ ಬೋರಿನ ನೀರನ್ನು ಓದಿದಾಗ ಫ್ಲೋರೈಡ್ ಅಷ್ಟೇನೂ ಕಾಣಲಿಲ್ಲ. ಎಲ್ಲರಿಗೂ ನಿರಾಳವಾಯಿತು. ನನಗೂ ಆಯಿತು. ಪದ್ಮಾವತಿ ಮಾತ್ರ ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಲ್ಯಾಬಿನ ಬಾಗಿಲು ತೆಗೆಸಿದಳು. ನಾನು ಬರುವ ಹೊತ್ತಿಗೆ ಪ್ರನಾಳಗಳ ಸಾಲು ಸಿದ್ಧವಾಗಿತ್ತು.

"ನಮ್ಮೂರ ನೀರಿಗೆ ನಾನೇ ಅಳೆದು ಫ್ಲೋರೈಡ್ ಸೇರಿಸ್ದೆ ಮೇಡಂ. ಸೇರಿಸಿದ್ದೇ ರೀಡಿಂಗಲ್ಲಿ ಪೂರ್ತಿ ವಾಪಸ್ ಬರ್ತಿಲ್ಲ. ನೀರಲ್ಲಿ ಇನ್ನೇನೋ ಇದೆ, ಅಡ್ಡ ಬರ್ತಿದೆ."

ಆ ನೀರಿನಲ್ಲಿ ಕ್ಷಾರ ಹೆಚ್ಚಿತ್ತು. ಅದು ನಮ್ಮ ಬಣ್ಣದ ದ್ರಾವಣದ ಆಮ್ಲವನ್ನು ನುಂಗಿ ಲೆಕ್ಕವನ್ನು ಕಡಿಮೆ ತೋರಿಸುತ್ತಿತ್ತು. ಮೊದಲು ಆಮ್ಲ ಹಾಕಿ ಕ್ಷಾರವನ್ನು ತೆಗೆದು, ಬಣ್ಣ ಸೇರಿಸಿ ಒಂದು ಗಂಟೆ ಬಿಟ್ಟು ಓದಿದೆವು. ಈ ಸಲ ಸೇರಿಸಿದ್ದು ಸರಿಯಾಗಿ ವಾಪಸು ಬಂತು. ಬೋರಿನ ನೀರಿನ ಕೊಳವೆ ಹಳದಿಯಾಗಿತ್ತು. ಫ್ಲೋರೈಡ್ ಕುಡಿಯಬಹುದಾದ ಮಿತಿಯ ದುಪ್ಪಟ್ಟನ್ನೂ ದಾಟಿತ್ತು. ಅದೇ ಊರಿನ ಕೆರೆಯ ಕೆಳಗಿನ ಹಳೆಯ ಬಾವಿಯ ನೀರು ಕೆಂಪಾಗಿಯೇ ಉಳಿದಿತ್ತು. ಹಿಂದಿನ ದಿನದ ನಿರಾಳವನ್ನು ಅವಳು ಇಟ್ಟುಕೊಂಡುಬಿಡಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಬೆಳಿಗ್ಗೆ.

ಅವಳು ಸ್ಟೂಲಿನ ಮೇಲೆ ಕುಳಿತಳು. "ನಾಯ್ನಾಗೆ ಹೆಂಗೆ ಹೇಳೋದು ಮೇಡಂ?"

ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪನನ್ನು ಕರೆಯುವುದು ಹಾಗೆಯೇ. ಅವಳ ಅಪ್ಪ ಮುನಿವೆಂಕಟಪ್ಪನವರು ಊರಿಗೆ ಆ ಬೋರನ್ನು ತಂದವರು. ಕಚೇರಿಯಿಂದ ಕಚೇರಿಗೆ ತಿರುಗಿ, ಕೊರೆಯುವ ಲಾರಿ ಊರಿಗೆ ಬಂದ ದಿನ ಪೂಜೆ ಮಾಡಿಸಿ, ಮೊದಲ ಕೊಡ ತಾವೇ ತುಂಬಿಸಿ ಕೊಟ್ಟವರು. ಊರಿನ ನಡುವೆ ನಿಂತ ಆ ಕೈಪಂಪನ್ನು ಜನ 'ಮುನಿವೆಂಕಟಪ್ಪನ ಬೋರು' ಎಂದೇ ಕರೆಯುತ್ತಿದ್ದರು.

"ಕಂಡದ್ದು ಹೇಳು. ಹೇಗೆ ಕಂಡೆ ಅಂತಲೂ ಹೇಳು. ನಂಬದಿದ್ದರೆ ಇಲ್ಲಿಗೆ ಕರಕೊಂಡು ಬಾ" ಎಂದೆ.

ಮುಂದಿನ ವಾರ ಅವರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಒಂದು ಬುಟ್ಟಿ. ಬುಟ್ಟಿಯೊಳಗೆ ಹುಲ್ಲಿನ ನಡುವೆ ನಾಲ್ಕು ಗಾಜಿನ ಬಾಟಲಿಗಳು. ಮುಚ್ಚಳಗಳ ಮೇಲೆ ಸುಣ್ಣದ ಚುಕ್ಕೆಗಳು. ಒಂದು, ಎರಡು, ಮೂರು, ನಾಲ್ಕು.

"ಮೇಡಮ್ನೋರೆ, ನಮ್ಮ ಪದ್ದು ಏನೋ ಹೇಳ್ತಾಳೆ" ಎಂದರು. "ನಾನು ಓದ್ದೋನಲ್ಲ. ನಿಮ್ಮ ಪೆಟ್ಟಿಗೆ ಸುಳ್ಳೋ ನಿಜವೋ ನನ್ಗೆ ಗೊತ್ತಾಗಲ್ಲ. ಅದಕ್ಕೇ ನೀರು ತಂದಿದೀನಿ. ಯಾವ್ದು ಎಲ್ಲೀದು ಅಂತ ನಮ್ಮ ಮನೇಲಿ ಯಾರಿಗೂ ಹೇಳಿಲ್ಲ. ಓದಿ ಹೇಳ್ರಿ."

ಪದ್ಮಾವತಿ ಮುಖ ಬಿಗಿದುಕೊಂಡಳು. ಅಸ್ಲಂ ಬ್ಯಾಟರಿ ಜೋಡಿಸಿದ. ಅನಂತರಾಮಯ್ಯನವರು ತಮ್ಮ ಕೋಣೆಯಿಂದ ಬಂದು ಮುನಿವೆಂಕಟಪ್ಪನವರಿಗೆ ಕುರ್ಚಿ ಹಾಕಿಸಿದರು. ಆಮ್ಲ ಹಾಕಿ, ಬಣ್ಣ ಸೇರಿಸಿ, ಕಾಯಲು ಇಟ್ಟೆವು. ಆ ಒಂದು ಗಂಟೆ ಅವರು ಬೆಂಚಿನ ಮೇಲಿನ ಕೊಳವೆಗಳಿಂದ ಕಣ್ಣು ಕೀಳಲಿಲ್ಲ. ನಾನು ತರಿಸಿಕೊಟ್ಟ ಕಾಫಿ ಆರಿಹೋಯಿತು.

ಪದ್ಮಾವತಿ ಓದಿದಳು. ಗ್ರಾಫಿನ ಮೇಲೆ ನೋಡಿದಳು. ಇನ್ನೊಂದು ಪೆಟ್ಟಿಗೆಯಲ್ಲಿ ಅಸ್ಲಂ ಮತ್ತೊಮ್ಮೆ ಓದಿದ. ಆಮೇಲೆ ಅವಳು ಅಪ್ಪನ ಎದುರು ನಿಂತು ಹೇಳಿದಳು.

"ಒಂದು ಚುಕ್ಕೆ, ಮೂರು ಚುಕ್ಕೆ ಎರಡೂ ಒಂದೇ ನಾಯ್ನಾ. ಎರಡರಲ್ಲೂ ವಿಪರೀತ ಇದೆ. ಎರಡು ಚುಕ್ಕೇದು ಒಳ್ಳೇ ನೀರು. ನಾಲ್ಕನೇದ್ರಲ್ಲೂ ಇದೆ, ಆದ್ರೆ ಮೊದಲನೇದ್ರಷ್ಟಿಲ್ಲ."

ಮುನಿವೆಂಕಟಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಒಂದು, ಮೂರು ಎರಡೂ ನಮ್ಮ ಬೋರಿಂದೇ" ಎಂದರು ನಿಧಾನವಾಗಿ. "ಬೇರೆ ಬೇರೆ ಅಂತೀಯೇನೋ ಅಂತ ನೋಡ್ದೆ. ಎರಡು ಹಳೇ ಬಾವೀದು. ನಾಲ್ಕನೇದು ಅರ್ಧ ಬೋರು, ಅರ್ಧ ಬಾವಿ, ಬೆರೆಸಿದ್ದು."

ಅವರು ಎದ್ದು ಪೆಟ್ಟಿಗೆಯ ಹತ್ತಿರ ಬಂದು, ಟೋಪಿ ಎತ್ತಿ ತೂತಿನೊಳಗೆ ಇಣುಕಿ ನೋಡಿದರು. ಒಳಗೆ ಕಪ್ಪು ಬಿಟ್ಟು ಏನೂ ಕಂಡಿರಲಾರದು.

"ಹಂಗಾದ್ರೆ ನಮ್ಮ ಸರಸೂಗೆ ನಾನೇ ಕುಡಿಸ್ದಂಗಾಯ್ತು" ಎಂದರು.

"ನೀವು ನೀರು ತಂದಿರಿ ಮುನಿವೆಂಕಟಪ್ಪನವರೇ" ಎಂದರು ಅನಂತರಾಮಯ್ಯನವರು. "ಆಗ ಇದು ಯಾರಿಗೆ ಗೊತ್ತಿತ್ತು? ಈಗ ಗೊತ್ತಾಗಿದೆ. ಮುಂದೆ ಏನು ಮಾಡೋದು ಅನ್ನೋದಷ್ಟೇ ನಮ್ಮ ಕೈಲಿರೋದು."

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ನಾನು, ಅನಂತರಾಮಯ್ಯನವರು, ಅಸ್ಲಂ ಬಸ್ಸು ಹತ್ತಿ ಹೋಳೂರು ದಾಟಿ ಅವರ ಊರಿಗೆ ಹೋದೆವು. ತೊಡೆಯ ಮೇಲೆ ಒಂದು ಪೆಟ್ಟಿಗೆ, ಕಾಲ ಬಳಿ ಬ್ಯಾಟರಿ. ಮಾವಿನ ತೋಪುಗಳೆಲ್ಲ ಹೂ ಕಳೆದು ಹೀಚು ಕಟ್ಟಿದ್ದವು. ಅರಳಿಕಟ್ಟೆಯ ಮುಂದೆ ಜನ ಸೇರಿದ್ದರು. ಪದ್ಮಾವತಿ ಎರಡು ಕೊಳವೆಗಳನ್ನು ಎತ್ತಿ ಹಿಡಿದಳು, ಒಂದು ಹಳದಿ, ಒಂದು ಕೆಂಪು. ಕನ್ನಡದಲ್ಲಿ ಒಂದು ಸಲ, ಮುದುಕಿಯರಿಗಾಗಿ ತೆಲುಗಿನಲ್ಲಿ ಇನ್ನೊಂದು ಸಲ ಹೇಳಿದಳು.

ಜನ ಸುಲಭವಾಗಿ ಒಪ್ಪಲಿಲ್ಲ. ಒಪ್ಪಬೇಕೆಂದೇನೂ ಇರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, "ಮಗಳನ್ನ ಕೋಲಾರಕ್ಕೆ ಕಳಿಸಿ ಓದಿಸಿದ್ದು ಇದಕ್ಕೇನಾ ಮುನಿವೆಂಕಟಪ್ಪಾ? ನೀನು ತಂದ ಬೋರಿಗೆ ಅವಳು ಕಲ್ಲು ಹಾಕ್ಲಿ ಅಂತಾನಾ?" ಎಂದರು.

"ಹೂಂ ಕಣಪ್ಪ, ಇದಕ್ಕೇ" ಎಂದರು ಅವರು. "ಬೋರ್ ಬೇಕು ಅಂತ ಅಲೆದೋನು ನಾನು. ಅದ್ರ ನೀರು ಕುಡೀಬೇಡಿ ಅನ್ನೋನೂ ನಾನೇ. ನಿಮ್ಮ ಮಕ್ಕಳ ಬಾಯಿ ಬಿಡಿಸಿ ನೋಡ್ರಿ, ಆಮೇಲೆ ನನ್ನ ಕೇಳ್ರಿ."

ಆಗ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡ ಒಬ್ಬ ಹೆಂಗಸು ನನ್ನನ್ನೇ ನೋಡಿ ಹೇಳಿದಳು: "ನೀವು ಹೇಳಿ ಬಸ್ ಹತ್ತಿ ಹೋಗ್ತೀರಮ್ಮ. ಕೆರೆ ಕೆಳಗಿಂದ ಹೊರೋರು ನಾವು. ಬೋರ್ ಬಂದ್ಮೇಲೆ ನಮ್ಮ ಸೊಂಟ ಉಳಿದಿತ್ತು."

ಆ ಮಾತಿಗೆ ಉತ್ತರ ಕೊಟ್ಟದ್ದು ಪದ್ಮಾವತಿ. "ಎಲ್ಲಾ ನೀರೂ ಹೊರ್ಬೇಡಿ ಅಕ್ಕಾ. ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ ಬೋರೇ ಇರ್ಲಿ. ಕುಡಿಯೋಕೆ, ಅಡುಗೆಗೆ ಮಾತ್ರ ಬಾವೀದು. ಮನೆಗೆ ಎರಡು ಕೊಡ. ಒಂದನ್ನ ಗಂಡಸರೂ ಹೊರ್ಲಿ, ಸೈಕಲ್ ಇದೆಯಲ್ಲ."

ನಗು ಎದ್ದಿತು. ಆ ನಗುವಿನಿಂದಲೇ ಬಿಗಿ ಸಡಿಲವಾಯಿತು. ಕೂಸಿನ ಹೆಂಗಸು ಮಾತ್ರ ನಗಲಿಲ್ಲ. "ನೋಡೋಣ, ಎಷ್ಟು ದಿನ ಹೊರ್ತಾರೋ" ಎಂದಳು. ಅವಳ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಸೈಕಲ್ಲಿಗೆ ಕೊಡ ಕಟ್ಟಿದ ಗಂಡಸರೂ ಆ ಊರಿನಲ್ಲಿ ಕಂಡರು.

ಬಾವಿ ಎಷ್ಟೋ ವರ್ಷದಿಂದ ಬಳಕೆಯಿಲ್ಲದೆ ಪಾಚಿ ಕಟ್ಟಿತ್ತು. ಊರಿನವರೇ ಇಳಿದು ಹೂಳೆತ್ತಿದರು. ಮುನಿವೆಂಕಟಪ್ಪನವರು ಕಚ್ಚೆ ಕಟ್ಟಿ ಎಲ್ಲರಿಗಿಂತ ಕೆಳಗೆ ನಿಂತು ಕೆಸರಿನ ಮಂಕರಿ ಎತ್ತಿಕೊಟ್ಟರು. ಸುತ್ತ ಕಟ್ಟೆ ಎತ್ತರಿಸಿ, ದನ ಬರದಂತೆ ಬೇಲಿ ಹಾಕಿ, ಬ್ಲೀಚಿಂಗ್ ಪೌಡರ್ ಹಾಕಿದರು. ಕೈಪಂಪಿನ ಕಲ್ಲಿನ ಮೇಲೆ 'ಕುಡಿಯಲು ಅಲ್ಲ' ಎಂದು ಪದ್ಮಾವತಿಯೇ ಬಣ್ಣದಲ್ಲಿ ಬರೆದಳು. ಒಂದಷ್ಟು ದಿನಗಳ ನಂತರ ಸರ್ಕಾರದ ಪ್ರಯೋಗಾಲಯಕ್ಕೆ ಕಳಿಸಿದ್ದ ಅದೇ ನೀರಿನ ಫಲಿತಾಂಶ ಬಂತು. ನಮ್ಮ ಪೆಟ್ಟಿಗೆಯ ಲೆಕ್ಕಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ಅನಂತರಾಮಯ್ಯನವರು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ತಾವೇ ಪೆಟ್ಟಿಗೆ ಮಾಡಿದಷ್ಟು ಖುಷಿ ಅವರಿಗೆ.

ಪ್ರಾಯೋಗಿಕ ಪರೀಕ್ಷೆ ಬಂತು. ಬಿಸಿಲು ಏರಿತ್ತು. ಹೊರಗಿನಿಂದ ಬಂದ ಪರೀಕ್ಷಕರು ತೆಳ್ಳಗೆ, ಎತ್ತರಕ್ಕಿದ್ದ ಮನುಷ್ಯರು. ಲ್ಯಾಬಿನೊಳಗೆ ಕಾಲಿಟ್ಟು ಬೆಂಚುಗಳ ಮೇಲಿನ ಕರಿ ಪೆಟ್ಟಿಗೆಗಳನ್ನು ನೋಡಿ ನಿಂತರು.

"ಇವೇನು?"

"ಕಲರಿಮೀಟರುಗಳು. ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಮಾಡಿದ್ದು" ಎಂದರು ಅನಂತರಾಮಯ್ಯನವರು, ನಾನು ಬಾಯಿ ತೆರೆಯುವ ಮೊದಲೇ.

ಪರೀಕ್ಷಕರು ಬೆಂಚುಗಳ ನಡುವೆ ಸುತ್ತಿದರು. ಪದ್ಮಾವತಿಯ ಬೆಂಚಿನ ಬಳಿ ನಿಂತರು. ಅವಳು ಬ್ಯಾಟರಿಯ ತಂತಿ ಬಿಗಿದು, ಬರಿಯ ನೀರಿಟ್ಟು ಸೂಜಿ ನೋಡುತ್ತಿದ್ದಳು.

"ಈ ಹಲಗೆ ಪೆಟ್ಟಿಗೆಯನ್ನ ನೀನು ಹೇಗಮ್ಮ ನಂಬ್ತೀಯ?"

"ನಂಬಲ್ಲ ಸಾರ್" ಎಂದಳು ಅವಳು, ಕೈಯ ಕೆಲಸ ಬಿಡದೆ. "ಪ್ರತಿ ಸಲಾನೂ ಗೊತ್ತಿರೋ ದ್ರಾವಣ ಇಟ್ಟು ನೋಡ್ಕೊಂಡೇ ಗೊತ್ತಿಲ್ಲದ್ದನ್ನ ಓದ್ತೀನಿ."

ಅವರು ಮುಂದಿನ ಬೆಂಚಿಗೆ ಹೋದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟು, "ಇದರ ಚಿತ್ರ ಬರೆದುಕೊಡಿ. ನಮ್ಮ ಕಾಲೇಜಿನಲ್ಲೂ ಬೆಂಚುಗಳಿವೆ" ಎಂದರು. ಆ ವರ್ಷ ನಮ್ಮ ಬ್ಯಾಚಿನಲ್ಲಿ ಪ್ರಾಯೋಗಿಕದಲ್ಲಿ ಯಾರೂ ನಪಾಸಾಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಲ್ಯಾಬು ಒಪ್ಪ ಮಾಡಲು ಕೆಲವರು ಬಂದಿದ್ದರು. ಅದು ಶ್ರೀನಿವಾಸಪುರದ ಮಾವು ಪೇಟೆಗೆ ಇಳಿಯುವ ಕಾಲ. ಕಿಟಕಿಯಾಚೆ ಹಣ್ಣಿನ ಗಾಡಿಗಳು. ಕೊಳವೆಗಳನ್ನು ತೊಳೆದು ಬೋರಲು ಹಾಕಿ ಪದ್ಮಾವತಿ ಹೊರಡಲು ಚೀಲ ಎತ್ತಿಕೊಂಡಿದ್ದಳು. ಆಗ ವರಾಂಡದಲ್ಲಿ ಸದ್ದಾಯಿತು.

ಹೊರಗೆ ಅವಳ ಊರಿನ ಅಕ್ಕಪಕ್ಕದ ಹಳ್ಳಿಗಳ ಜನ ನಿಂತಿದ್ದರು. ಸುದ್ದಿ ಬಸ್ಸಿನಲ್ಲಿ, ಸಂತೆಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಡಿತ್ತು. ಒಬ್ಬೊಬ್ಬರ ಕೈಯಲ್ಲೂ ನೀರು. ಬಾಟಲಿಯಲ್ಲಿ, ಕ್ಯಾನಿನಲ್ಲಿ, ಮಡಕೆಯಲ್ಲಿ. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ ಹಿತ್ತಾಳೆ ಚೊಂಬಿನ ಬಾಯಿಗೆ ಮುತ್ತುಗದ ಎಲೆ ಮುಚ್ಚಿ, ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಬಸ್ಸಿನಲ್ಲಿ ಒಂದು ಹನಿಯೂ ಚೆಲ್ಲದಂತೆ ತಂದಿರಬೇಕು.

"ಏಮಮ್ಮಾ, ನೀರು ನೋಡೋ ಹುಡುಗಿ ನೀನೇನಾ?" ಎಂದಳು. "ಇದು ನಮ್ಮ ಊರಿಂದು. ಒಳ್ಳೇದಾ, ಕೆಟ್ಟದ್ದಾ ಹೇಳು ತಾಯಿ."

ಪದ್ಮಾವತಿ ಚೀಲವನ್ನು ಬೆಂಚಿನ ಕೆಳಗೆ ಇಟ್ಟಳು. ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೊಂಬನ್ನು ಎರಡು ಕೈಯಲ್ಲಿ ತೆಗೆದುಕೊಂಡಳು.

"ಇನ್ನೂ ಗೊತ್ತಿಲ್ಲ ಅಜ್ಜಿ" ಎಂದಳು. "ಒಳಗೆ ಬಂದು ಕೂತ್ಕೊಳ್ಳಿ. ತಿಳ್ಕೊಳ್ಳೋಣ."